ಉಪ್ಪಿನಕಾಯಿ ಮಾರಲು ಯಾವುದು ವಾಸಿ: ಏಜೆನ್ಸಿ, ಇನ್‌ಸ್ಟಾಗ್ರಾಮ್, ಗೂಗಲ್, ವಾಟ್ಸಾಪ್?

ಶಿರಸಿ ಹತ್ತಿರದ ಹಳ್ಳಿಯಲ್ಲಿ ಅತ್ತಿಗೆ ಮತ್ತು ನಾನು ಸೇರಿ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನಕಾಯಿ ಹಪ್ಪಳ ಮಾಡಿ ಮಾರುತ್ತೇವೆ. ಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ. ಹಪ್ಪಳ ಮಳೆ ಹಿಡಿಯುವ ಮೊದಲೇ ಒಣಗಿ ಡಬ್ಬಿ ಸೇರಬೇಕು. ಮಾಲು ಒಮ್ಮೆ ತಯಾರಾದರೆ ಮುಗಿಯಿತು, ಅದನ್ನೇ ವರ್ಷವಿಡೀ ಮಾರಬೇಕು. ಗಿರಾಕಿಗಳಲ್ಲಿ ಜಾಸ್ತಿ ಜನ ಬೆಂಗಳೂರು, ಹುಬ್ಬಳ್ಳಿ, ಮುಂಬೈಯವರು. ನಮ್ಮ ಜಗುಲಿ ಮೇಲೆ ಕೂತು ರುಚಿ ನೋಡಿದವರಲ್ಲ. ಫೋನಿನಲ್ಲಿ ಕಂಡದ್ದನ್ನು ನಂಬಿ ಮೊದಲೇ ದುಡ್ಡು ಹಾಕುತ್ತಾರೆ.

ಆ ನಂಬಿಕೆಗೆ ತಕ್ಕ ಹಾಗೆ ಆನ್‌ಲೈನಿನಲ್ಲಿ ಇರುವುದು ಹೇಗೆ ಎಂದು ನಾಲ್ಕು ದಾರಿ ಪ್ರಯತ್ನಿಸಿದ್ದೇವೆ. ಲೈಕ್ ಎಷ್ಟು ಬಂತು ಅನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಗಿರಾಕಿ ಏನಾದರೂ ಕೇಳಿದಾಗ, ಮಾಲು ಮಾಡಿದ ಕೈಯಿಂದಲೇ ಉತ್ತರ ಹೋಗುತ್ತದಾ? ನನ್ನ ಅಳತೆ ಅದು.

ಮೊದಲು ಏಜೆನ್ಸಿ. ತಿಂಗಳಿಗೆ ಇಷ್ಟು ಎಂದು ದುಡ್ಡು ಕೊಟ್ಟರೆ ಪೋಸ್ಟ್, ಫೋಟೋ, ಹಬ್ಬದ ಶುಭಾಶಯ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಕೆಲಸ ಅಚ್ಚುಕಟ್ಟು, ತಪ್ಪಿಲ್ಲದೆ ಹೊತ್ತಿಗೆ ಸರಿಯಾಗಿ ಪೋಸ್ಟ್ ಬೀಳುತ್ತದೆ. ಆದರೆ ಅವರು ಹಾಕಿದ ಒಂದು ಫೋಟೋದಲ್ಲಿ ಹೋಳು ಮಾಡಿದ ಮಾವಿನಕಾಯಿ, ಮೇಲೆ ಬೆರಳುದ್ದ ಎಣ್ಣೆ ತೇಲುತ್ತಿತ್ತು. ನಮ್ಮದು ಇಡೀ ಮಿಡಿ, ಎಣ್ಣೆಯೇ ಹಾಕುವುದಿಲ್ಲ. ಉಪ್ಪಿನಲ್ಲಿ ಕೂತು ಸುಕ್ಕಾದ ಮಿಡಿಗೆ ಸಾಸಿವೆ, ಒಣಮೆಣಸಿನ ಖಾರ ಬೆರೆಸುತ್ತೇವೆ, ಅಷ್ಟೇ. ಹಳೆಯ ಗಿರಾಕಿಯೊಬ್ಬರು ಅದರ ಕೆಳಗೇ ಕೇಳಿದರು: ‘ಎಣ್ಣೆ ಹಾಕೋಕೆ ಯಾವಾಗಿಂದ ಶುರು ಮಾಡಿದ್ರಿ?’ ಆ ಪ್ರಶ್ನೆಗೆ ಏಜೆನ್ಸಿಯಿಂದ ಹೋದ ಉತ್ತರ ಒಂದು ಹೃದಯದ ಚಿಹ್ನೆ, ಒಂದು ಥ್ಯಾಂಕ್ಸ್.

ಇನ್ನೊಂದು ಸಲ ‘ಜಿಐ ಮಾನ್ಯತೆ ಪಡೆದ ಉಪ್ಪಿನಕಾಯಿ’ ಅಂತ ಬರೆಯೋಣ ಅಂದರು. ಜಿಐ ಅಂದರೆ ಒಂದು ಸೀಮೆಯ ವಿಶೇಷ ಮಾಲಿಗೆ ಸಿಗುವ ಭೌಗೋಳಿಕ ಗುರುತು. ಅಪ್ಪೆಮಿಡಿಗೆ ಅದು ಇದೆ, ನಿಜ. ಆದರೆ ಆ ಗುರುತನ್ನು ನಾವು ಬಳಸಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು. ನಾವು ಆಗಿಲ್ಲ. ಬೇಡ ಅಂದೆವು. ಅವರು ಕೆಟ್ಟವರಲ್ಲ. ಮಿಡಿಯ ತೊಟ್ಟು ಮುರಿದಾಗ ಸೊನೆ ಹೇಗೆ ಜಿನುಗುತ್ತದೆ ಎಂದು ಒಮ್ಮೆಯೂ ನೋಡದವರು ನಮ್ಮ ಹೆಸರಿನಲ್ಲಿ ಮಾತಾಡಿದರೆ ಹೀಗಾಗದೆ ಇನ್ನೇನು?

ಆಮೇಲೆ ಇನ್‌ಸ್ಟಾಗ್ರಾಮ್ ನಾವೇ ನಡೆಸಲು ಶುರು ಮಾಡಿದೆವು. ನಮ್ಮ ಪರಿಚಯವೇ ಇಲ್ಲದವರನ್ನು ಕರೆತರಲು ಇದರಷ್ಟು ಒಳ್ಳೆಯದು ನಾನು ಬೇರೆ ಕಂಡಿಲ್ಲ. 2020ರಲ್ಲಿ ಟಿಕ್‌ಟಾಕ್ ನಿಂತ ಮೇಲೆ ರೀಲ್ಸ್ ಬಂತಲ್ಲ, ಹಳ್ಳಿ ಮನೆಯ ಕೆಲಸ ನೋಡುವ ಜನ ಅಲ್ಲಿ ಬೇಕಾದಷ್ಟು ಇದ್ದಾರೆ. ಬಲಿತ ಹಲಸಿನಕಾಯಿಯ ತೊಳೆ ಬೇಯಿಸಿ, ಕುಟ್ಟಿ, ಉಂಡೆ ಮಾಡಿ, ಒತ್ತಿ, ಚಾಪೆ ಮೇಲೆ ಹರಡುವುದನ್ನು ಸುಮ್ನೆ ತೋರಿಸಿದರೂ ಕೂತು ನೋಡುತ್ತಾರೆ. ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳು ಸಲೀಸಾಗಿ ಸಿಗುವುದಿಲ್ಲ. ನಮಗೆ ಅದೇ ಒಳ್ಳೆಯದಾಯಿತು. ಕುಟ್ಟುವ ಸದ್ದು, ಅತ್ತಿಗೆ ‘ಇದು ತೆಳು ಆಯ್ತು, ಇನ್ನೊಂದು ಒತ್ತು’ ಅನ್ನುವ ಮಾತು, ಎಲ್ಲ ಹಾಗೇ ಬಿಟ್ಟಿದ್ದೇವೆ. ಜನ ಹೆಚ್ಚು ಮಾತಾಡುವುದು ಅದರ ಬಗ್ಗೆಯೇ.

ಇದಕ್ಕೆ ಒಂದು ಕಷ್ಟವೂ ಇದೆ. ಯಾವ ರೀಲ್ ಯಾವಾಗ ಓಡುತ್ತದೆ ಎಂದು ಹೇಳಲು ಬರುವುದಿಲ್ಲ. ಹಪ್ಪಳದ ರೀಲ್ ನವೆಂಬರಿನಲ್ಲಿ ಓಡಿದರೆ ಮಾಲು ಎಲ್ಲಿಂದ ತರುವುದು? ಕೇಳಿದವರಿಗೆಲ್ಲ ‘ಮುಂದಿನ ಬೇಸಿಗೆಗೆ’ ಎಂದು ಬರೆಯಬೇಕು. ಆಗ ಬೇರೆ ಕಡೆಯ ಹಪ್ಪಳ ತಂದು ತಮ್ಮ ಪ್ಯಾಕೆಟ್ಟಿಗೆ ತುಂಬುವ ಆಸೆಗೆ ಬೀಳುವವರನ್ನು ನೋಡಿದ್ದೇನೆ. ನಾವು ಆ ಕಡೆ ಹೋಗಿಲ್ಲ, ಹೋಗುವುದೂ ಇಲ್ಲ. ಪರಿಚಯದ ಫುಡ್ ವ್ಲಾಗರ್‌ಗೆ ಬಾಟಲಿ ಪುಕ್ಕಟೆ ಕಳಿಸಿದರೆ, ಹಾಗೆ ಸಿಕ್ಕಿದ್ದು ಎಂದು ಅವರು ವಿಡಿಯೋದಲ್ಲಿ ಹೇಳಲೇಬೇಕು. ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿ ಹೇಳುವುದೂ ಇದನ್ನೇ. ಇಷ್ಟಕ್ಕೆ ಒಪ್ಪದವರಿಗೆ ನಾವು ಕಳಿಸುವುದಿಲ್ಲ.

ಗೂಗಲ್‌ನಲ್ಲಿ, ಅದರ ಮ್ಯಾಪಿನಲ್ಲಿ ಹುಡುಕಿದವರಿಗೆ ನಮ್ಮ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುಡ್ಡು ಕೊಡಬೇಕಿಲ್ಲ, ವಿಡಿಯೋ ತೋರಿಸಿ ಗುರುತು ಖಚಿತ ಮಾಡಿಸಿದರೆ ಆಯಿತು. ಮನೆಯಲ್ಲೇ ಮಾಡುವವರು ವಿಳಾಸ ಮರೆಮಾಡಿ, ಯಾವ ಊರಿಗೆಲ್ಲ ಮಾಲು ತಲುಪಿಸುತ್ತೇವೆ ಅಂತಷ್ಟೇ ಹಾಕಬಹುದು. ನಾವು ವಿಳಾಸ ಕೊಟ್ಟಿದ್ದೇವೆ, ಮಾರಿಕಾಂಬಾ ದೇವಸ್ಥಾನಕ್ಕೆ, ಸಹಸ್ರಲಿಂಗಕ್ಕೆ ಬಂದವರು ಹುಡುಕಿಕೊಂಡು ಬರಲಿ ಅಂತ. ಇದರ ಜೀವಾಳ ರಿವ್ಯೂ. ‘ಉಪ್ಪು ಜಾಸ್ತಿ’ ಎಂದು ಒಬ್ಬರು ಮೂರು ಸ್ಟಾರ್ ಕೊಟ್ಟಿದ್ದಾರೆ. ಎಣ್ಣೆ, ವಿನಿಗರ್ ಇಲ್ಲದೆ ವರ್ಷಗಟ್ಟಲೆ ಇಡುವ ಮಿಡಿಗೆ ಉಪ್ಪು ಹೀಗೇ ಬೇಕು, ಮೊಸರನ್ನದ ಜೊತೆ ತಿಂದು ನೋಡಿ ಎಂದು ಅತ್ತಿಗೆ ಉತ್ತರ ಬರೆಸಿದರು. ಆಮೇಲೆ ಬಂದ ಎಷ್ಟೋ ಗಿರಾಕಿಗಳು ಆ ಉತ್ತರ ಓದಿಯೇ ಫೋನ್ ಮಾಡಿದ್ದು. ಡಿಸ್ಕೌಂಟ್ ಕೊಟ್ಟು ಐದು ಸ್ಟಾರ್ ಹಾಕಿಸಿಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ಎಲ್ಲವೂ ಐದೇ ಇದ್ದರೆ ಓದುವವರಿಗೂ ಅನುಮಾನ ಬರುತ್ತದೆ, ಅಲ್ವಾ?

ಕೊನೆಗೆ ವಾಟ್ಸಾಪ್ ಬಿಸಿನೆಸ್. ಹೊಸಬರನ್ನು ತರುವ ಶಕ್ತಿ ಇದಕ್ಕೆ ಕಡಿಮೆ. ಒಂದೇ ಸುದ್ದಿಯನ್ನು ಎಲ್ಲರಿಗೂ ಒಟ್ಟಿಗೆ ಕಳಿಸುವ ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಮಾತ್ರ ಜಾಗ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಸುದ್ದಿ ತಲುಪುತ್ತದೆ. ಆದರೂ ನನ್ನ ಅಳತೆಯಲ್ಲಿ ಮೊದಲನೇ ಸ್ಥಾನ ಇದಕ್ಕೇ. ನಂಬರ್ ಸೇವ್ ಮಾಡಿಕೊಂಡಿದ್ದಾರೆ ಅಂದರೆ ಅವರಿಗೆ ನಮ್ಮ ಸುದ್ದಿ ಬೇಕು ಅಂತ ಅರ್ಥ. ಕ್ಯಾಟಲಾಗಿನಲ್ಲಿ ಬೆಲೆ, ತೂಕ, ನಮ್ಮ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಕಾಣುತ್ತವೆ. ಮಾಲು ಮುಗಿದರೆ ಆ ಐಟಂ ಮರೆಮಾಡುತ್ತೇವೆ.

ಮಿಡಿ ಬಂದ ದಿನ ಸ್ಟೇಟಸ್ಸಿಗೆ ಬುಟ್ಟಿಯ ಫೋಟೋ ಹಾಕುತ್ತೇವೆ. ಕೂಡಲೇ ಪ್ರಶ್ನೆಗಳು ಶುರು. ‘ಅನಂತ ಭಟ್ಟನ ಅಪ್ಪೆ ಸಿಕ್ತಾ ಈ ಸಲ?’ ‘ಜೀರಿಗೆ ಪರಿಮಳದ್ದು ಅಮ್ಮನಿಗೆ ಬೇಕಿತ್ತು.’ ಅತ್ತಿಗೆಗೆ ಟೈಪ್ ಮಾಡುವುದಕ್ಕಿಂತ ವಾಯ್ಸ್ ಮೆಸೇಜ್ ಸುಲಭ. ‘ಇಲ್ಲ ತಮ್ಮಾ, ಈ ಸಲ ಆ ಮರ ಬಿಟ್ಟಿಲ್ಲ, ಬೇರೆ ಮಿಡಿ ಉಂಟು, ಪರಿಮಳ ಸ್ವಲ್ಪ ಕಮ್ಮಿ’ ಎಂದು ಹೇಳಿ ಕಳಿಸುತ್ತಾರೆ. ಪರಿಮಳ ಕಮ್ಮಿ ಎಂದು ಗೊತ್ತಾದ ಮೇಲೂ ಅವರಲ್ಲಿ ಬಹಳ ಮಂದಿ ತರಿಸಿಕೊಳ್ಳುತ್ತಾರೆ. ಇಂಥ ಉತ್ತರವನ್ನು ಯಾವ ಏಜೆನ್ಸಿ ಬರೆಯಲು ಸಾಧ್ಯ?

ಯಾವುದನ್ನೇ ಹಿಡಿದರೂ ಒಂದು ಎಚ್ಚರ ಬೇಕು. ಈ ಜಾಗಗಳೆಲ್ಲ ಬೇರೆಯವರವು. ಗೂಗಲ್ ತನ್ನ ಪ್ರೊಫೈಲಿನ ಜೊತೆ ಪುಕ್ಕಟೆ ಕೊಡುತ್ತಿದ್ದ ವೆಬ್‌ಸೈಟುಗಳನ್ನು 2024ರ ಮಾರ್ಚಿನಲ್ಲಿ ನಿಲ್ಲಿಸಿತು. ಹಾಗಾಗಿ ಗಿರಾಕಿಗಳ ಹೆಸರು, ನಂಬರ್, ಯಾರಿಗೆ ಖಾರ ಕಮ್ಮಿ ಬೇಕು ಅನ್ನುವುದನ್ನೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇವೆ.

ನಿಮ್ಮದು ರಸ್ತೆ ಬದಿಯ ಅಂಗಡಿ, ಖಾನಾವಳಿ ಆಗಿದ್ದರೆ ಗೂಗಲ್‌ನಿಂದ ಶುರು ಮಾಡಿ. ಸೀರೆ, ಆಟಿಕೆ, ಒಡವೆಯ ಹಾಗೆ ಕಣ್ಣಿಗೆ ಹಿಡಿಸಿ ಮಾರಾಟವಾಗುವ ಮಾಲು ಇದ್ದರೆ ಇನ್‌ಸ್ಟಾಗ್ರಾಮ್ ಮೊದಲು. ತಿನ್ನುವ ಮಾಲಿಗೆ, ಮತ್ತೆ ಮತ್ತೆ ಕೊಳ್ಳುವ ಗಿರಾಕಿಗೆ ವಾಟ್ಸಾಪ್. ನಾವು ರೀಲ್ಸನ್ನು ಮಾಲು ಮಾಡುವ ದಿನಗಳಲ್ಲಿ ಮಾತ್ರ ಹಾಕುತ್ತೇವೆ, ನೋಡಿ ಬಂದವರನ್ನು ವಾಟ್ಸಾಪಿಗೆ ಕರೆಯುತ್ತೇವೆ. ಏಜೆನ್ಸಿಯವರು ಈಗ ಲೇಬಲ್ ವಿನ್ಯಾಸ ಮಾಡಿಕೊಡುತ್ತಾರೆ, ಆ ಕೆಲಸದಲ್ಲಿ ಅವರು ನಿಜಕ್ಕೂ ಗಟ್ಟಿಗರು. ಲೇಬಲ್ಲಿನ ಮೇಲಿನ ಮಾತು ಮಾತ್ರ ಅತ್ತಿಗೆ ಹೇಳಿದ್ದು.