ನಾಲ್ವರು ಮೇಷ್ಟ್ರು, ನಾಲ್ಕು ಮೈಕು: ಚರ್ಚೆಯ ಪಾಡ್‌ಕಾಸ್ಟಿಗೆ ಯಾವ ರೆಕಾರ್ಡಿಂಗ್ ವಾಸಿ?

ಬೇರೆ ಬೇರೆ ಊರಲ್ಲಿರುವ ಮೂರು ನಾಲ್ಕು ಅಧ್ಯಾಪಕರು ಸಂಘಟನೆ ಮತ್ತು ನಿರ್ವಹಣಾ ಸಿದ್ಧಾಂತದ ಒಂದು ಹಳೆಯ ಪ್ರಬಂಧ ಹಿಡಿದು ಮಾತಾಡುವ ಪಾಡ್‌ಕಾಸ್ಟಿಗೆ ಮೂರು ದಾರಿಗಳಿವೆ. ಒಂದು, ವಿಡಿಯೊ ಕರೆ ಮಾಡಿ ಅದರದೇ ರೆಕಾರ್ಡ್ ಬಟನ್ ಒತ್ತುವುದು. ಎರಡು, ಬ್ರೌಸರಿನಲ್ಲೇ ನಡೆಯುವ ರೆಕಾರ್ಡಿಂಗ್ ಸೇವೆ. ಮೂರು, ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನಲ್ಲಿ ತಮ್ಮ ದನಿಯನ್ನಷ್ಟೇ ಮುದ್ರಿಸಿಕೊಂಡು, ಆಮೇಲೆ ಒಬ್ಬರು ಕೂತು ನಾಲ್ಕೂ ಕಡತ ಜೋಡಿಸುವುದು. ಮೂರನ್ನೂ ಬಳಸಿದ ಮೇಲೆ ನನ್ನ ಮತ ಮೂರನೆಯದಕ್ಕೇ. ಅದರಲ್ಲೊಂದು ಪೀಡೆ ಇದೆ, ಅದಕ್ಕೆ ಆಮೇಲೆ ಬರೋಣ.

ಒಬ್ಬರೇ ಪಾಠ ಮಾಡುವ ಪಾಡ್‌ಕಾಸ್ಟಾದರೆ ಫೋನಿನಲ್ಲಿ ಮುದ್ರಿಸಿದರೂ ನಡೆದೀತು. ಒಂದು ಪಠ್ಯದ ಸುತ್ತ ನಾಲ್ವರು ಕೂತಾಗ ಹಾಗಲ್ಲ. ಅಮೆರಿಕದ ಎಂಜಿನಿಯರ್ ಎಫ್. ಡಬ್ಲ್ಯು. ಟೇಲರ್ 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ಬಗ್ಗೆ ಬರೆದ ಪುಸ್ತಕವನ್ನೇ ತಗೊಳ್ಳಿ. ದಿನಕ್ಕೆ 12.5 ಟನ್ ಕಬ್ಬಿಣದ ಗಟ್ಟಿ ಹೊರುತ್ತಿದ್ದ ಕೂಲಿಯಾಳು 47.5 ಟನ್ ಹೊರುವಂತಾದ, ಅವನ ಕೂಲಿ 1.15 ಡಾಲರಿನಿಂದ 1.85ಕ್ಕೆ ಏರಿತು ಎಂಬ ಲೆಕ್ಕ ಅದರಲ್ಲಿದೆ. ಒಬ್ಬರು ‘ಇದೇ ನೋಡಿ ವಿಜ್ಞಾನ’ ಅನ್ನುತ್ತಿದ್ದ ಹಾಗೇ ಇನ್ನೊಬ್ಬರು ‘ಕೆಲಸ ಹೆಚ್ಚುಕಡಿಮೆ ನಾಲ್ಕು ಪಟ್ಟು, ಕೂಲಿ ಏರಿದ್ದು ನೂರಕ್ಕೆ ಅರವತ್ತು, ಇದ್ಯಾವ ವಿಜ್ಞಾನ ಸ್ವಾಮಿ?’ ಎಂದು ನಡುವೆ ಬಾಯಿ ಹಾಕುತ್ತಾರೆ. ಕೇಳುವವರ ಕಿವಿ ನೆಟ್ಟಗಾಗುವುದು ಅಲ್ಲೇ. ಇಂಥ ಕಂತಿನ ಹೂರಣ ಇರುವುದು ಮಾತಿನ ಮೇಲೆ ಮಾತು ಬೀಳುವ ಜಾಗದಲ್ಲಿ.

ವಿಡಿಯೊ ಕರೆಯ ರೆಕಾರ್ಡಿಂಗು ನುಂಗುವುದು ಅದನ್ನೇ. ಕರೆಯ ತಂತ್ರಾಂಶ ಹುಟ್ಟಿದ್ದು ಸಭೆ ನಡೆಸಲಿಕ್ಕೆ. ಒಂದು ಹೊತ್ತಿಗೆ ಒಬ್ಬರ ಮಾತು ಸ್ಪಷ್ಟವಾಗಿ ಕೇಳಿದರೆ ಅದಕ್ಕೆ ತೃಪ್ತಿ. ಪ್ರತಿಧ್ವನಿ ತಡೆಯುವ, ಗದ್ದಲ ತಡೆಯುವ, ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ಏರ್ಪಾಡುಗಳು ಸೇರಿಕೊಂಡು, ಇಬ್ಬರು ಒಟ್ಟಿಗೆ ಮಾತಾಡಿದ ಕೂಡಲೇ ಒಬ್ಬರ ದನಿಯನ್ನು ಅಡಗಿಸುತ್ತವೆ. ‘ಹ್ಞೂಂ’, ‘ಅಲ್ಲಲ್ಲ’, ಸಣ್ಣ ನಗು ಇವೆಲ್ಲ ಮಾಯ. ಕನ್ನಡದಲ್ಲಿ ಇದರಿಂದ ಇನ್ನೂ ದೊಡ್ಡ ಎಡವಟ್ಟಾಗುತ್ತದೆ, ಯಾಕೆಂದರೆ ನಮ್ಮ ‘ಇಲ್ಲ’ ಬರುವುದು ವಾಕ್ಯದ ತುದಿಯಲ್ಲಿ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಬಗ್ಗೆ ಹೇಳಿದ ‘ವೇಬರ್ ಅಧಿಕಾರಶಾಹಿಯನ್ನ ಮೆಚ್ಚಿಕೊಂಡಿದ್ದ ಅಂತ ನನಗೆ ಅನ್ನಿಸೋದಿಲ್ಲ’ ಎಂಬ ವಾಕ್ಯದಲ್ಲಿ ‘ಅನ್ನಿಸೋ’ ಬರುವಷ್ಟರಲ್ಲಿ ಎದುರಿನವರು ಶುರು ಮಾಡಿರುತ್ತಾರೆ. ಕಡತದಲ್ಲಿ ‘ದಿಲ್ಲ’ ಇರುವುದಿಲ್ಲ. ಕೇಳಿದವರು ‘ಅನ್ನಿಸುತ್ತೆ’ ಎಂದೇ ತುಂಬಿಕೊಳ್ಳುತ್ತಾರೆ, ಅಧ್ಯಾಪಕರ ನಿಲುವು ತಲೆಕೆಳಗು.

ಎಲ್ಲರೂ ಹೆಡ್‌ಫೋನ್ ಹಾಕಿಕೊಂಡರೆ ಪ್ರತಿಧ್ವನಿಯ ಕಾಟ ತಪ್ಪುತ್ತದೆ, ಹಾಗಾಗಿ ನುಂಗುವುದೂ ಕಮ್ಮಿಯಾಗುತ್ತದೆ. ಗದ್ದಲ ತಡೆಯನ್ನು ಆರಿಸುವ ಸೆಟ್ಟಿಂಗೂ ಕೆಲವದರಲ್ಲಿ ಇದೆ. ಪ್ರತಿಯೊಬ್ಬರ ದನಿಯನ್ನು ಬೇರೆ ಬೇರೆ ಕಡತವಾಗಿ ಉಳಿಸುವ ಆಯ್ಕೆಯೂ ಇದೆ. ಆದರೆ ಆ ಬೇರೆ ಕಡತವೂ ಇಂಟರ್ನೆಟ್ಟಿನಲ್ಲಿ ಹಾದು ಬಂದದ್ದೇ. ದಾರಿಯಲ್ಲಿ ಕಳೆದುಹೋದ ಅಕ್ಷರ ಯಾವ ಕಡತದಲ್ಲೂ ಸಿಗುವುದಿಲ್ಲ.

ಬಿಡಿ ಟ್ರ್ಯಾಕ್, ಅಂದರೆ ಒಬ್ಬೊಬ್ಬರ ದನಿಗೂ ಒಂದೊಂದು ಬೇರೆ ಕಡತ, ಬೇಕು ಎಂದು ಹಟ ಹಿಡಿಯಲು ಇನ್ನೊಂದು ಕಾರಣ ಈ ವಿಷಯಕ್ಕೇ ಅಂಟಿದ್ದು. 1983ರಲ್ಲಿ ಡಿಮ್ಯಾಜಿಯೊ ಮತ್ತು ಪೊವೆಲ್ ಬರೆದ, ಸಂಘಟನೆಗಳೆಲ್ಲ ಯಾಕೆ ಒಂದರಂತೆ ಒಂದು ಆಗುತ್ತಾ ಹೋಗುತ್ತವೆ ಎಂಬ ಪ್ರಬಂಧವನ್ನು ಕನ್ನಡದಲ್ಲಿ ಚರ್ಚಿಸಿ ನೋಡಿ. ಇನ್‌ಸ್ಟಿಟ್ಯೂಷನ್ನಿಗೂ ‘ಸಂಸ್ಥೆ’, ಆರ್ಗನೈಸೇಷನ್ನಿಗೂ ‘ಸಂಸ್ಥೆ’. ಮೊದಲೇ ಕೂತು ಒಂದಕ್ಕೆ ‘ಸಂಸ್ಥೆ’, ಇನ್ನೊಂದಕ್ಕೆ ‘ಸಂಘಟನೆ’ ಎಂದು ಹಂಚಿಕೊಂಡರೂ ಮಾತಿನ ಭರದಲ್ಲಿ ನಾಲಿಗೆ ಜಾರಿಯೇ ಜಾರುತ್ತದೆ, ವಾದ ಕಲಸುಮೇಲೋಗರವಾಗುತ್ತದೆ. ಮನುಷ್ಯರ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ, ಮನಶ್ಶಾಸ್ತ್ರಜ್ಞ ಮ್ಯಾಸ್ಲೊನ ಹೆಸರಿನ ಪಿರಮಿಡ್ ಇನ್ನೊಂದು: 1943ರ ಪ್ರಬಂಧದಲ್ಲಿ ಪಿರಮಿಡ್ಡಿನ ಚಿತ್ರವೇ ಇಲ್ಲ, ಆದರೂ ‘ಮ್ಯಾಸ್ಲೊ 1943ರಲ್ಲಿ ಬರೆದ ಪಿರಮಿಡ್’ ಎಂಬ ಮಾತು ಯಾರ ಬಾಯಿಂದಾದರೂ ಬಂದೇ ಬರುತ್ತದೆ. ಇಂಥ ತಪ್ಪಿಗೆ ಮದ್ದೆಂದರೆ, ಮುಗಿಸುವ ಮೊದಲು ಅದೇ ವಾಕ್ಯವನ್ನು ಅದೇ ಮೈಕಿನಲ್ಲಿ, ಅದೇ ದೂರದಲ್ಲಿ ಕೂತು ಮತ್ತೊಮ್ಮೆ ಹೇಳಿಸಿ ತೇಪೆ ಹಾಕುವುದು. ನಾಲ್ವರ ದನಿಯೂ ಒಂದೇ ಕಡತದಲ್ಲಿ ಬೆರೆತಿದ್ದರೆ ತೇಪೆ ಹಾಕಿದಲ್ಲಿ ಉಳಿದವರ ‘ಹ್ಞೂಂ’ ಅರ್ಧಕ್ಕೆ ತುಂಡಾಗಿ ಹೊಲಿಗೆ ಎದ್ದು ಕಾಣುತ್ತದೆ.

ಬ್ರೌಸರ್ ಸೇವೆಗಳು ಈ ಎರಡೂ ತೊಂದರೆಗೆ ಉತ್ತರ ಕೊಡುತ್ತವೆ. ಪ್ರತಿಯೊಬ್ಬರ ಯಂತ್ರದಲ್ಲೇ ಮುದ್ರಿಸಿ, ತುಂಡು ತುಂಡಾಗಿ ಮೇಲಕ್ಕೆ ಕಳಿಸುತ್ತವೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ವಿಶ್ವವಿದ್ಯಾಲಯ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಹೊಸ ತಂತ್ರಾಂಶ ಹಾಕಲು ಬೀಗ ಹಾಕಿರುತ್ತಾರಲ್ಲ, ಅಲ್ಲಿ ಇದು ದೊಡ್ಡ ಅನುಕೂಲ. ಕೈಕೊಡುವುದು ಕೊನೆಯಲ್ಲಿ: ಮಾತು ಮುಗಿದ ಕೂಡಲೇ ಅತಿಥಿ ‘ಸರಿ, ನಮಸ್ಕಾರ’ ಎಂದು ಟ್ಯಾಬ್ ಮುಚ್ಚುತ್ತಾರೆ, ಇನ್ನೂ ಮೇಲೆ ಹೋಗದ ಬಾಲ ಅಲ್ಲೇ ಉಳಿಯುತ್ತದೆ. ಅದೇ ಬ್ರೌಸರಿನಲ್ಲಿ ಅದೇ ಕೊಂಡಿ ಮತ್ತೆ ತೆರೆದರೆ ಸಾಮಾನ್ಯವಾಗಿ ಉಳಿದದ್ದೂ ಹೋಗುತ್ತದೆ. ಖಾಸಗಿ ವಿಂಡೋದಲ್ಲಿ ತೆರೆದಿದ್ದರೆ ಆಸೆ ಬಿಡಬೇಕು, ಮುಚ್ಚಿದೊಡನೆ ಅದು ಎಲ್ಲವನ್ನೂ ಅಳಿಸಿರುತ್ತದೆ. ತಿಂಗಳ ಚಂದಾ ಬೇರೆ. ಪ್ರಕಟವಾಗದ ಸಂಶೋಧನೆಯ ಬಗ್ಗೆ ಮಾತಾಡುವ ಕಂತಾದರೆ ಕಡತ ಇನ್ನೊಬ್ಬರ ಸರ್ವರಿನಲ್ಲಿ ಕೂತಿರುವುದಕ್ಕೆ ಎಲ್ಲರ ಒಪ್ಪಿಗೆ ಇದೆಯೇ ಎಂದೂ ಕೇಳಿಕೊಳ್ಳಬೇಕು.

ಇನ್ನು ನನ್ನ ಮೆಚ್ಚಿನದು. ಮಾತುಕತೆಗೆ ಮಾಮೂಲಿ ಕರೆ. ಜೊತೆಗೆ ಪ್ರತಿಯೊಬ್ಬರ ಯಂತ್ರದಲ್ಲೂ ಅಡಾಸಿಟಿ ಎಂಬ ಉಚಿತ ಮುದ್ರಣ ತಂತ್ರಾಂಶ ತೆರೆದು, ಅದರ ಸೆಟ್ಟಿಂಗು ಹೀಗೆ: ಮೋನೊ (ಒಂದೇ ವಾಹಿನಿ), 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸಲ ದನಿಯ ಅಳತೆ), 24 ಬಿಟ್. ಅತಿ ಜೋರಿನ ಮಾತೂ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲಬೇಕು. ಈ ಲೆಕ್ಕದಲ್ಲಿ ಒಬ್ಬರಿಗೆ ಗಂಟೆಗೆ ಸುಮಾರು 518 ಎಂಬಿ. ಕಳಿಸುವಾಗ ಫ್ಲಾಕ್ ಎಂಬ ಕಡತದ ಮಾದರಿಗೆ ಬದಲಿಸಿದರೆ ಗಾತ್ರ ಇಳಿಯುತ್ತದೆ, ದನಿ ಒಂದಿಷ್ಟೂ ಕೆಡುವುದಿಲ್ಲ. ಎಂಪಿ3 ಮಾಡಿ ಕಳಿಸಬೇಡಿ ಎಂದು ಪ್ರತಿ ಸಲವೂ ಹೇಳಬೇಕಾಗುತ್ತದೆ, ಇರಲಿ.

ಪೀಡೆ ಎಂದೆನಲ್ಲ, ಅದರ ಹೆಸರು ಜಾರಾಟ. ಎರಡು ಯಂತ್ರಗಳ ಗಡಿಯಾರ ಎಂದೂ ಒಂದೇ ಓಟದಲ್ಲಿ ಓಡುವುದಿಲ್ಲ. ಎರಡೂ ‘48,000’ ಎಂದೇ ಹೇಳಿಕೊಂಡರೂ ಒಂದು ಚೂರು ಹೆಚ್ಚು, ಇನ್ನೊಂದು ಚೂರು ಕಮ್ಮಿ ಎಣಿಸುತ್ತಿರುತ್ತದೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಎಂದಿಟ್ಟುಕೊಂಡರೆ 90 ನಿಮಿಷಕ್ಕೆ, ಅಂದರೆ 5,400 ಸೆಕೆಂಡಿಗೆ, 0.27 ಸೆಕೆಂಡು. ಓದಲು ಏನೂ ಅಲ್ಲ ಅನ್ನಿಸುತ್ತದೆ. ಕೇಳಿ ನೋಡಿ: ಮೊದಲ ಹತ್ತು ನಿಮಿಷ ಎಲ್ಲ ಸರಿ, ಕೊನೆಯ ಹೊತ್ತಿಗೆ ಒಬ್ಬರ ನಗು ಇನ್ನೊಬ್ಬರ ಚಟಾಕಿಗಿಂತ ಮೊದಲೇ ಬರುತ್ತದೆ, ಪ್ರಶ್ನೆಯ ಬಾಲ ಉತ್ತರದ ತಲೆಯ ಮೇಲೆ ಹತ್ತುತ್ತದೆ. ಯಾರದಾದರೂ ಹೆಡ್‌ಫೋನಿನಿಂದ ಉಳಿದವರ ದನಿ ಮೈಕಿಗೆ ಸೋರುತ್ತಿದ್ದರಂತೂ ಬಾವಿಯೊಳಗಿಂದ ಮಾತಾಡಿದ ಹಾಗೆ.

ಸರಿಪಡಿಸಲು ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ಗುರುತು ಬೇಕು. ‘ಮೂರು, ಎರಡು, ಒಂದು’ ಎಂದು ಎಣಿಸಿ ಎಲ್ಲರೂ ಒಟ್ಟಿಗೆ ಚಪ್ಪಾಳೆ ಹೊಡೆಯುವುದು ರೂಢಿ. ದೂರದಿಂದ ಮಾತಾಡುವವರಿಗೆ ಅದು ಉಪಯೋಗವಿಲ್ಲ, ಎಣಿಕೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ತಲುಪುತ್ತದೆ. ಒಬ್ಬರೇ ಸದ್ದು ಮಾಡಬೇಕು, ಉಳಿದವರು ಹೆಡ್‌ಫೋನಿನ ಒಂದು ಕಿವಿಯನ್ನು ಮೈಕಿಗೆ ಒತ್ತಿ ಹಿಡಿಯಬೇಕು. ಇಲ್ಲೂ ಒಂದು ಕುಣಿಕೆ ಇದೆ: ಕರೆಯ ಗದ್ದಲ ತಡೆ ಚಪ್ಪಾಳೆಯನ್ನು ಗದ್ದಲ ಎಂದುಕೊಂಡು ಅಳಿಸಿಬಿಡಬಹುದು. ಅದಕ್ಕೇ ಚಪ್ಪಾಳೆ ಬಿಟ್ಟು ಬಾಯಲ್ಲೇ ‘ಟಕ್, ಟಕ್, ಟಕ್’ ಎಂದು ಬಿಡಿಬಿಡಿಯಾಗಿ ಹೇಳುವುದು. ಅದು ಮನುಷ್ಯರ ಮಾತು, ದಾಟುತ್ತದೆ. ‘ಟ’ದ ಹೊಡೆತ ಅಲೆಯ ಚಿತ್ರದಲ್ಲಿ ಮೊಳೆಯ ಹಾಗೆ ಎದ್ದು ನಿಲ್ಲುತ್ತದೆ. ಇದರಲ್ಲಿ ಕೇಳದೇ ಬಂದ ಲಾಭವೂ ಒಂದಿದೆ. ಸದ್ದು ಮಾಡಿದವರ ಮಾತು ಉಳಿದವರಿಗೆ ತಲುಪಿದ ಹೊತ್ತಿಗೇ ಟ್ರ್ಯಾಕುಗಳು ಹೊಂದಿಕೊಳ್ಳುವುದರಿಂದ, ಅವರ ಪ್ರಶ್ನೆಗೆ ಬರುವ ಉತ್ತರದಲ್ಲಿ ಜಾಲದ ತಡ ಇರುವುದಿಲ್ಲ. ಸದ್ದು ಮಾಡುವ ಕೆಲಸ ಚರ್ಚೆ ನಡೆಸುವವರಿಗೇ ಇರಲಿ.

ಜೋಡಿಸುವಾಗ ಪ್ರತಿ ಟ್ರ್ಯಾಕನ್ನೂ ಮೊದಲ ‘ಟಕ್’ನಿಂದ ಕೊನೆಯ ‘ಟಕ್’ವರೆಗೆ ಕತ್ತರಿಸಿ. ಚರ್ಚೆ ನಡೆಸಿದವರದು 5,400.00 ಸೆಕೆಂಡು, ಇನ್ನೊಬ್ಬರದು 5,400.27 ಇದೆ ಎನ್ನೋಣ. ಎರಡನೆಯದನ್ನು ಪೂರ್ತಿ ಆರಿಸಿ, ಅಡಾಸಿಟಿಯ ‘ಚೇಂಜ್ ಸ್ಪೀಡ್ ಆಂಡ್ ಪಿಚ್’ನಲ್ಲಿ (ಹಳೆಯ ಆವೃತ್ತಿಗಳಲ್ಲಿ ಬರೀ ‘ಚೇಂಜ್ ಸ್ಪೀಡ್’) ಹೊಸ ಉದ್ದದ ಜಾಗಕ್ಕೆ 5,400.00 ತುಂಬಿದರೆ ಆಯಿತು. ‘ಟೆಂಪೊ’ ಬದಲಿಸುವ ಆಯ್ಕೆಗೆ ಕೈ ಹಾಕಬೇಡಿ. ಅದು ಸ್ಥಾಯಿಯನ್ನು, ಅಂದರೆ ದನಿ ಎಷ್ಟು ದಪ್ಪ ಎಷ್ಟು ಕೀಚಲು ಎಂಬುದನ್ನು, ಕಾಯ್ದುಕೊಳ್ಳಲು ದನಿಯನ್ನು ಅಲ್ಲಲ್ಲಿ ಹೊಲಿಯುತ್ತದೆ, ಸಕಾರ ಶಕಾರಗಳು ಗೊರಗೊರ ಅನ್ನುತ್ತವೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸದಲ್ಲಿ ಸ್ಥಾಯಿ ಬದಲಾದದ್ದು ಯಾವ ಕಿವಿಗೂ ತಿಳಿಯುವುದಿಲ್ಲ. ಒಂದು ಯಂತ್ರದ ಜಾರಾಟ ಕಂತಿನಿಂದ ಕಂತಿಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಯಾರ ಹೆಸರಿನ ಮುಂದೆ ಎಷ್ಟು ಎಂದು ಒಮ್ಮೆ ಬರೆದಿಟ್ಟುಕೊಂಡರೆ, ಕೊನೆಯ ‘ಟಕ್’ ಹೇಳಲು ಮರೆತ ದಿನ ಅದೇ ಕಾಪಾಡುತ್ತದೆ. ಅದೂ ಇಲ್ಲವೇ? ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎಲ್ಲರೂ ಸುಮ್ಮನಿರುವ ಜಾಗ ಹುಡುಕಿ, ಅಲ್ಲಿ ತುಂಡರಿಸಿ, ಕೆಲವು ಮಿಲಿಸೆಕೆಂಡು ಅತ್ತಿತ್ತ ಸರಿಸಿ. ಒರಟು ಕೆಲಸ, ಸಾಕಾಗುತ್ತದೆ.

ಜಾರಾಟವನ್ನೂ ಮೀರಿಸಿದ ವ್ಯತ್ಯಾಸ ಕಂಡರೆ ಅದು ಬೇರೆ ಕಾಯಿಲೆ. 60 ನಿಮಿಷದ ಮಾತು 65 ನಿಮಿಷ 18 ಸೆಕೆಂಡು ಆಗಿದ್ದು, ಅಧ್ಯಾಪಕಿಯ ದನಿ ನೆಗಡಿಯಾದಂತೆ ದಪ್ಪಗೆ ಕೇಳಿಸುತ್ತಿದ್ದರೆ, 48 ಕಿಲೋಹರ್ಟ್ಸಿನ ಕಡತವನ್ನು 44.1 ಎಂದು ಓದಿಸಲಾಗಿದೆ. ಟ್ರ್ಯಾಕಿನ ದರ ಸರಿಮಾಡಿ, ಎಳೆದು ತುಂಡರಿಸಲು ಹೋಗಬೇಡಿ.

ಬ್ಲೂಟೂತ್ ಮೈಕ್ ಬೇಡವೇ ಬೇಡ. ಮೈಕ್ ಆನ್ ಆದೊಡನೆ ಹಲವು ಹೆಡ್‌ಸೆಟ್ಟುಗಳು ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತವೆ.

ಯುಎಸ್‌ಬಿ ಮೈಕ್ ಚುಚ್ಚಿದ್ದರೂ ತಂತ್ರಾಂಶ ಲ್ಯಾಪ್‌ಟಾಪಿನ ಮೈಕಿನಿಂದಲೇ ಮುದ್ರಿಸುತ್ತಿರಬಹುದು. ಶುರುವಿಗೆ ಮುಂಚೆ ಮೈಕಿನ ಜಾಲರಿಯನ್ನು ಉಗುರಿನಿಂದ ಒಮ್ಮೆ ಗೀರಿ. ಅಲೆಯಲ್ಲಿ ದೊಡ್ಡ ಗೀರು ಕಂಡರೆ ಸರಿ, ಸಣ್ಣಗೆ ಅದುರಿದರೆ ಬೇರೆ ಮೈಕ್ ಕೇಳಿಸಿಕೊಳ್ಳುತ್ತಿದೆ ಎಂದರ್ಥ.

ಎಲ್ಲರೂ ಒಂದೇ ಕೋಣೆಯಲ್ಲಿ ಸೇರುವುದಾದರೆ ಜಾರಾಟವೂ ಇಲ್ಲ, ತಡವೂ ಇಲ್ಲ: ನಾಲ್ಕು ಮೈಕ್, ಒಂದೇ ಮುದ್ರಣ ಪೆಟ್ಟಿಗೆ. ಬಾಯಿಗೂ ಮೈಕಿಗೂ ಇರುವ ದೂರದ ಮೂರು ಪಟ್ಟಾದರೂ ಮೈಕಿನಿಂದ ಮೈಕಿಗೆ ಇರಲಿ. ಆದರೆ ನಾಲ್ವರು ಮೇಷ್ಟ್ರುಗಳ ವೇಳಾಪಟ್ಟಿ ಹೊಂದಿಸಿದವರುಂಟೇ?

ಹಾಗಾಗಿ, ತಿಂಗಳಿಗೊಮ್ಮೆ ಕೂಡುವ ಅದದೇ ನಾಲ್ವರ ತಂಡಕ್ಕೆ, ಚಂದಾ ಕಟ್ಟಲು ವಿಭಾಗದ ಹಣವಿಲ್ಲದವರಿಗೆ, ಸ್ವಂತ ಯಂತ್ರದಲ್ಲಿ ಮುದ್ರಿಸುವುದೇ ಸರಿ. ಎರಡನೇ ಕಂತಿನ ಹೊತ್ತಿಗೆ ಎಲ್ಲರಿಗೂ ಕೈ ಕೂಡುತ್ತದೆ. ಜೋಡಿಸುವವರಿಗೆ ಕಂತಿಗೆ ಅರ್ಧ ಗಂಟೆ ಹೆಚ್ಚಿನ ಕೆಲಸ; ಅದಕ್ಕೆ ಸಿದ್ಧರಿರುವವರು ತಂಡದಲ್ಲಿ ಒಬ್ಬರೂ ಇಲ್ಲದಿದ್ದರೆ ಮಾತ್ರ ಬ್ರೌಸರ್ ಸೇವೆಯ ಕಡೆ ನೋಡಿ. ಒಂದೇ ಸಲ ಬಂದು ಹೋಗುವ ಅತಿಥಿಗೆ, ಅದರಲ್ಲೂ ಬೀಗ ಹಾಕಿದ ಲ್ಯಾಪ್‌ಟಾಪ್ ಇರುವವರಿಗೆ, ಅಡಾಸಿಟಿಯ ಪಾಠ ಹೇಳುತ್ತಾ ಕೂರುವುದು ಅನ್ಯಾಯ. ಅವರಿಗೆ ಬ್ರೌಸರ್ ಸೇವೆಯ ಕೊಂಡಿ ಕಳಿಸಿ, ‘ಮೇಲೆ ಹೋಗುವುದು ಪೂರ್ತಿಯಾಗುವ ತನಕ ಟ್ಯಾಬ್ ಮುಚ್ಚಬೇಡಿ’ ಎಂದು ಕೊನೆಗೆ ಬಾಯಿಬಿಟ್ಟು ಹೇಳಿ, ಅದು ಮುಗಿಯುವವರೆಗೆ ಲೋಕಾಭಿರಾಮ ಮಾತಾಡುತ್ತಿರಿ.

ಕರೆಯ ರೆಕಾರ್ಡ್ ಬಟನ್ನನ್ನೂ ಪ್ರತಿ ಸಲ ಒತ್ತಿಡಿ, ಆಪತ್ತಿಗೆ. ಮಾಗಿದ ಪ್ರಾಧ್ಯಾಪಕರೊಬ್ಬರು ಒಂದೂವರೆ ಗಂಟೆ ಸೊಗಸಾಗಿ ಮಾತಾಡಿ, ಅಡಾಸಿಟಿಯಲ್ಲಿ ಕೆಂಪು ಗುಂಡಿ ಒತ್ತಿಯೇ ಇರಲಿಲ್ಲ ಎಂದು ಕೊನೆಗೆ ಗೊತ್ತಾಗುವ ದಿನ ಬಂದೇ ಬರುತ್ತದೆ.