ಡೆಂಟಲ್ ಕಾಲೇಜಿನ ಕುರ್ಚಿ: ದುಡ್ಡು ಕಡಿಮೆ, ಹೊತ್ತು ಜಾಸ್ತಿ

ವಿಮೆ ಇಲ್ಲದವರು ಹಲ್ಲು ತೋರಿಸೋಕೆ ಎಲ್ಲಿಗೆ ಹೋಗಬೇಕು ಅಂತ ಯಾರಾದರೂ ಕೇಳಿದರೆ ನಾನು ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಹೋಗಿ ಅಂತೀನಿ. ಐದಕ್ಕೆ ನಾಲ್ಕು ಅಂಕ. ಕಳೆದಿರುವ ಒಂದು ಅಂಕ ಅಲ್ಲಿನ ಕಾಯುವ ಹಾಲ್‌ಗೆ. ನಾನು ಟೈಲರಿಂಗ್ ಮಾಡಿಕೊಂಡಿರುವವಳು, ಕಂಪನಿ ವಿಮೆ ಅನ್ನೋದು ನಮಗೆ ಗೊತ್ತಿಲ್ಲ. ವಿಮೆ ಇದ್ದವರದ್ದೂ ಹೇಳಿಕೊಳ್ಳುವಂಥ ಸ್ಥಿತಿಯಲ್ಲ ಬಿಡಿ. ಎಷ್ಟೋ ಆರೋಗ್ಯ ವಿಮೆಗಳು ಅಪಘಾತದಲ್ಲಿ ಮುರಿದ ಹಲ್ಲು ಬಿಟ್ಟರೆ ಮಿಕ್ಕ ಹಲ್ಲಿನ ತಂಟೆಗೇ ಬರೋದಿಲ್ಲ.

ಕೆಳಗಿನ ದವಡೆ ಹಲ್ಲು ರಾತ್ರಿಯೆಲ್ಲ ಸಿಡಿಯೋಕೆ ಶುರುವಾದಾಗ ಮೊದಲು ಹೋಗಿದ್ದು ಒಂದು ಖಾಸಗಿ ಕ್ಲಿನಿಕ್‌ಗೆ. ರೂಟ್ ಕೆನಾಲ್ ಅಂದರೆ ಹಲ್ಲಿನ ಬೇರಿನೊಳಗಿನ ಸೋಂಕು ತೆಗೆದು ತುಂಬೋದು, ಆ ಹಲ್ಲಿನ ಮೇಲೆ ಟೊಪ್ಪಿಯ ಹಾಗೆ ಕೂರಿಸುವ ಕ್ಯಾಪ್, ಕ್ಲೀನಿಂಗ್, ಜೊತೆಗೆ ಬೇರೆ ಹಲ್ಲುಗಳಿಗೆ ಸಿಮೆಂಟ್, ಎಲ್ಲ ಸೇರಿಸಿ ಒಂದೇ ಮೊತ್ತ ಬರೆದುಕೊಟ್ಟರು. "ಇದರಲ್ಲಿ ಈಗಲೇ ಆಗಬೇಕಾದ್ದು ಯಾವುದು, ಆಮೇಲೆ ಮಾಡಿಸಿದರೆ ನಡೆಯೋದು ಯಾವುದು?" ಅಂತ ಕೇಳಿದೆ. ಉತ್ತರದ ಬದಲು ಕಂತಿನ ಕರಪತ್ರ ಕೈಗೆ ಬಂತು. ಎಕ್ಸ್‌ರೇಯ ಪ್ರತಿ ಇಸ್ಕೊಂಡು ಹೊರಟೆ. ದುಡ್ಡು ಕೊಟ್ಟು ತೆಗೆಸಿದ ಎಕ್ಸ್‌ರೇ ನಮ್ಮದು, ಕೇಳೋಕೆ ಸಂಕೋಚ ಬೇಡ.

ಹಲ್ಲು ಕೀಳಿಸಿಬಿಟ್ಟರೆ ಖರ್ಚೇ ಇಲ್ಲವಲ್ಲ ಅಂತ ಮನೆಯಲ್ಲಿ ಮಾತು ಬಂತು. ಆ ಹೊತ್ತಿಗೆ ಖರ್ಚು ಕಡಿಮೆ, ನಿಜ. ಆದರೆ ಖಾಲಿ ಜಾಗದ ಕಡೆಗೆ ಪಕ್ಕದ ಹಲ್ಲು ವಾಲುತ್ತೆ, ಎದುರಿನದು ಇಳಿಯುತ್ತೆ, ಕೊನೆಗೆ ಅಕ್ಕಪಕ್ಕದ ಹಲ್ಲಿಗೆ ಆನಿಸಿ ಕಟ್ಟುವ ಬ್ರಿಡ್ಜೋ, ದವಡೆ ಮೂಳೆಗೆ ತಿರುಪು ಕೂರಿಸುವ ಇಂಪ್ಲಾಂಟೋ ಅಂತ ಹೊರಟರೆ ಇದಕ್ಕಿಂತ ದೊಡ್ಡ ಬಿಲ್ಲು.

ಕಾಲೇಜಿನಲ್ಲಿ ಚೀಟಿ ಮಾಡಿಸಿದ ಮೇಲೆ ನೇರವಾಗಿ ಚಿಕಿತ್ಸೆಗೆ ಕೂರಿಸೋದಿಲ್ಲ. ಮೊದಲು ಒಬ್ಬ ವಿದ್ಯಾರ್ಥಿ ಒಂದೊಂದೇ ಹಲ್ಲು ತಡವಿ ಬರೆದುಕೊಳ್ಳುತ್ತಾನೆ, ಆಮೇಲೆ ಮೇಷ್ಟ್ರು ಬಂದು ನೋಡಿ ಸಹಿ ಹಾಕಬೇಕು. ನನ್ನ ಹಲ್ಲಿಗೆ ಅಲ್ಲಿ 46 ಅಂತ ಹೆಸರು. 4 ಅಂದರೆ ಬಾಯಿಯ ಬಲಗಡೆ ಕೆಳಭಾಗ, 6 ಅಂದರೆ ಮುಂದಿನ ಮಧ್ಯದಿಂದ ಎಣಿಸಿದರೆ ಆರನೆಯದು. ಈ ಲೆಕ್ಕ ಗೊತ್ತಾದ ಮೇಲೆ ಅವರವರೇ ಆಡುವ ಮಾತು ನನಗೂ ಅರ್ಥವಾಗತೊಡಗಿತು. ಕ್ಲಿನಿಕ್‌ನವರು ಸಿಮೆಂಟ್ ಹಾಕಬೇಕು ಅಂದಿದ್ದ ಒಂದು ಹಲ್ಲನ್ನು ಇಲ್ಲಿ "ಬರೀ ಕಲೆ, ಹುಳುಕಿಲ್ಲ, ಮುಂದಿನ ಸಲ ನೋಡೋಣ" ಅಂತ ಬಿಟ್ಟರು.

ರೂಟ್ ಕೆನಾಲ್ ಮಾಡಿದ್ದು ಒಬ್ಬ ಪಿಜಿ ಹುಡುಗಿ, ಅಂದರೆ ಡೆಂಟಲ್ ಡಿಗ್ರಿ ಮುಗಿಸಿ ಮುಂದಕ್ಕೆ ಓದುತ್ತಿರುವವಳು. ಇಂಜೆಕ್ಷನ್ ಹಿಡಿದ ಮೇಲೆ ಹಲ್ಲಿನ ಸುತ್ತ ಕ್ಲಿಪ್ ಹಾಕಿ ಹಸಿರು ರಬ್ಬರ್ ಹಾಳೆ ಬಿಗಿದಳು. ಬಾಯೆಲ್ಲ ಮುಚ್ಚಿ, ಆ ಹಲ್ಲೊಂದೇ ತೂತಿನಿಂದ ಹೊರಗೆ ಇಣುಕುತ್ತಿರುತ್ತೆ. ಎಂಜಲು ಒಳಗೆ ಇಳಿಯಬಾರದು, ತೊಳೆಯುವ ಔಷಧಿ ಗಂಟಲಿಗೆ ಹೋಗಬಾರದು, ಅದಕ್ಕೆ. ಆ ಔಷಧಿಗೆ ಬಟ್ಟೆಯ ಬ್ಲೀಚ್ ವಾಸನೆ. ಅದು ಬ್ಲೀಚೇ ಅಂತೆ, ಸೋಡಿಯಂ ಹೈಪೋಕ್ಲೋರೈಟ್. "ಆಂಟಿ, ನೋವಾದರೆ ಎಡಗೈ ಎತ್ತಿ, ತಲೆ ಮಾತ್ರ ಅಲ್ಲಾಡಿಸಬೇಡಿ" ಅಂದಳು. ಕೂದಲೆಳೆಯಂಥ ಫೈಲ್‌ಗಳನ್ನು, ಅಂದರೆ ಬೇರಿನ ಒಳಗೋಡೆ ಉಜ್ಜುವ ಸಣ್ಣ ಅರಗಳನ್ನು, ಬೇರಿನೊಳಗೆ ಬಿಟ್ಟು, ಹಾಗೇ ಎಕ್ಸ್‌ರೇ ತೆಗೆದು, ಮೇಷ್ಟ್ರಿಗೆ ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ, "ಇದು ತುದಿ ಮುಟ್ಟಿಲ್ಲ. ಮತ್ತೆ ಅಳತೆ ತಗೋಮ್ಮ" ಅಂದರು. ಮತ್ತೆ ತೆಗೆದಳು. ನನಗೆ ಬೇಜಾರಾಗಲಿಲ್ಲ. ಅವಸರಕ್ಕೆ ಕತ್ತರಿಸಿದ ಬಟ್ಟೆ ಹೊಲಿಗೆಯಲ್ಲಿ ಸರಿಹೋಗೋದಿಲ್ಲ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟು ಕಡಿಮೆಗೆ ಹೇಗೆ ಆಗುತ್ತೆ ಅಂದರೆ, ಇಲ್ಲಿ ನಮ್ಮ ಹಲ್ಲೇ ಅವರ ಪಾಠ. ಕುರ್ಚಿ, ಬಾಡಿಗೆ, ಸಂಬಳ ಎಲ್ಲ ರೋಗಿಯ ಜೇಬಿನಿಂದಲೇ ಹುಟ್ಟಬೇಕಾಗಿಲ್ಲ. ಕ್ಯಾಪ್ ವಿಷಯದಲ್ಲಿ ಮಾತ್ರ ಹುಷಾರು. ಅದು ಲ್ಯಾಬ್‌ನಲ್ಲಿ ಆಗುವ ಕೆಲಸ, ಎಷ್ಟೋ ಕಡೆ ಅದರ ಚಾರ್ಜು ಬೇರೆ. ಮೊದಲೇ ಕೇಳಿ ಬರೆಸಿಕೊಳ್ಳಿ. ಜಿರ್ಕೋನಿಯಾ ಅನ್ನೋ ಬಿಳಿ ಗಟ್ಟಿ ಪಿಂಗಾಣಿ, ಮೆಟಲ್ ಮೇಲೆ ಪಿಂಗಾಣಿ, ಬರೀ ಮೆಟಲ್ ಅಂತ ಬಗೆಗಳಿವೆ. ನಾನು ಹಿಂದಿನ ದವಡೆಗೆ ಬರೀ ಮೆಟಲ್ ಸಾಕು ಅಂದೆ. ಗಟ್ಟಿ, ಅಗ್ಗ, ಹಲ್ಲನ್ನೂ ಕಡಿಮೆ ಸವೆಸುತ್ತಾರೆ. ನಗುವಾಗ ಅಲ್ಲಿವರೆಗೆ ಯಾರು ಇಣುಕಿ ನೋಡ್ತಾರೆ? ಆದರೆ ದುಡ್ಡಿಲ್ಲ ಅಂತ ಕ್ಯಾಪೇ ಬಿಡೋದು ಬೇಡ. ರೂಟ್ ಕೆನಾಲ್ ಆದ ದವಡೆ ಹಲ್ಲು ಕ್ಯಾಪ್ ಇಲ್ಲದೆ ಸೀಳಿದರೆ ಮಾಡಿಸಿದ್ದೆಲ್ಲ ಹೋದಂತೆ.

ಅತ್ತೆಯವರ ಹಲ್ಲುಸೆಟ್ಟೂ ಅಲ್ಲೇ ಆಯಿತು. ಒಮ್ಮೆ ಅಚ್ಚು ತೆಗೆದು, ಅದರಿಂದ ಅವರ ದವಡೆಗೇ ಅಂತ ಟ್ರೇ ಮಾಡಿ, ಅದರಲ್ಲಿ ಮತ್ತೊಮ್ಮೆ ಅಚ್ಚು. ಆಮೇಲೆ ಮೇಲಿನದೂ ಕೆಳಗಿನದೂ ಎಲ್ಲಿ ಕೂಡುತ್ತೆ ಅಂತ ಗುರುತು. ಆಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ ಟ್ರಯಲ್. ಕನ್ನಡಿ ಹಿಡಿದು ಅತ್ತೆ, "ಮುಂದಿನೆರಡು ಉದ್ದ ಆಯ್ತು ಕಣಪ್ಪ" ಅಂದರು, ಹುಡುಗ ತಕರಾರಿಲ್ಲದೆ ಸರಿಮಾಡಿದ. ಸೆಟ್ ಕೊಟ್ಟ ಮೇಲೂ ಒಸಡು ಒತ್ತಿದ ಕಡೆ ಉಜ್ಜಿಸಿಕೊಳ್ಳೋಕೆ ಓಡಾಟ ಇದ್ದೇ ಇತ್ತು. ದಿನಗೂಲಿಯವರಿಗೆ ಇಷ್ಟು ಓಡಾಟದಲ್ಲಿ ಉಳಿಸಿದ ದುಡ್ಡೆಲ್ಲ ಹೋಗಬಹುದು. ಅಂಥವರು ನಾಳೆ ಬನ್ನಿ ಅಂದಾಗ ಸುಮ್ಮನೆ ತಲೆಯಾಡಿಸದೆ, ಒಂದೇ ದಿನ ಎರಡು ವಿಭಾಗದ ಕೆಲಸ ಆಗುತ್ತಾ ಅಂತ ಕೇಳಬೇಕು. ಕೇಳಿದರೆ ಹೊಂದಿಸಿಕೊಡ್ತಾರೆ.

ಮುಖ ಊದಿ, ಜ್ವರ ಬಂದು, ಬಾಯಿ ತೆರೆಯೋಕೋ ನುಂಗೋಕೋ ಕಷ್ಟವಾದರೆ ಈ ಕ್ಯೂ ಬೇಡವೇ ಬೇಡ, ತುರ್ತು ಚಿಕಿತ್ಸೆಗೆ ಓಡಿ. ಆಂಟಿಬಯಾಟಿಕ್ ನುಂಗಿಕೊಂಡು ದಿನ ತಳ್ಳೋದೂ ಪ್ರಯೋಜನವಿಲ್ಲ. ಸೋಂಕು ಕೂತಿರೋದು ಹಲ್ಲಿನೊಳಗೆ, ಹಲ್ಲನ್ನು ತೆರೆದು ತೊಳೆದೋ ಕಿತ್ತೋ ಅದನ್ನು ತೆಗೆಯಬೇಕು.

ದೂರುಗಳೂ ಇವೆ. ಸಾಲು ಸಾಲು ಕುರ್ಚಿ, ಮರೆ ಇಲ್ಲ. ಸ್ವಲ್ಪ ವಿಚಿತ್ರ ಕೇಸಾದರೆ ಕೆಳಗಿನ ಕ್ಲಾಸಿನ ಮಕ್ಕಳೆಲ್ಲ ಸುತ್ತ ನಿಂತು ಬಾಯೊಳಗೆ ಇಣುಕುತ್ತಾರೆ. ಬೇಡ ಅಂದರೆ ಕಳಿಸ್ತಾರೆ, ಆದರೆ ನಾವೇ ಅನ್ನಬೇಕು. ಪರೀಕ್ಷೆ ಬಂತು ಅಂದರೆ ಎಲ್ಲ ನಿಧಾನ. ನನ್ನ ಕ್ಯಾಪ್‌ನ ಅಳತೆ ಆಗಬೇಕಾದ ಹೊತ್ತಿಗೆ ಆ ಹುಡುಗಿಯ ಓದೇ ಮುಗಿದುಹೋಗಿತ್ತು, ಹೊಸಬನಿಗೆ ಕತೆಯೆಲ್ಲ ಮೊದಲಿಂದ ಹೇಳಬೇಕಾಯಿತು. ನಿಮ್ಮ ಫೈಲ್ ನಂಬರ್ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ರೆಕಾರ್ಡ್ ರೂಮಿನಲ್ಲಿ ಹೆಸರು ಹೇಳಿದರೆ ಯಾರೂ ತಲೆ ಎತ್ತೋದಿಲ್ಲ.