ಕರಾವಳಿಗೂ ಘಟ್ಟಕ್ಕೂ ಒಂದೇ ಹಾಸಿಗೆ ಸಾಕೇ? ಮೂರು ಸ್ಲೀಪಿಂಗ್ ಪ್ಯಾಡ್‌ಗಳ ಹೋಲಿಕೆ

ಕುಮಟಾ, ಗೋಕರ್ಣ ಸುತ್ತಿನ ಕಡಲಂಚಿನಲ್ಲಿಯೂ ಶಿರಸಿ, ಸಿದ್ದಾಪುರ ಕಡೆಯ ಘಟ್ಟದಲ್ಲಿಯೂ ಕಳೆದ ಎರಡು ಚಳಿಗಾಲಗಳಲ್ಲಿ ಮಾಡಿದ ಚಾರಣಗಳಲ್ಲಿ ನಾನು ಮೂರು ಬಗೆಯ ಸ್ಲೀಪಿಂಗ್ ಪ್ಯಾಡ್‌ಗಳನ್ನು ಸರದಿಯಂತೆ ಹಾಸಿ ಮಲಗಿ ನೋಡಿದ್ದೇನೆ. ಮೊದಲನೆಯದು ತೆಳು ನೈಲಾನಿನದು. ಏಳೂವರೆ ಸೆಂಟಿಮೀಟರ್ ದಪ್ಪಕ್ಕೆ ಉಬ್ಬುತ್ತದೆ, ಒಳಗೆ ಮೈಯ ಶಾಖವನ್ನು ಹಿಂದಿರುಗಿಸುವ ಹೊಳಪಿನ ಹಾಳೆಯಿದೆ, ಬೆಲೆಯೂ ಅದಕ್ಕೆ ತಕ್ಕಂತಿದೆ. ಎರಡನೆಯದು ದಪ್ಪ ಪಾಲಿಯೆಸ್ಟರ್ ಬಟ್ಟೆಯದು, ಒಳಗೆ ಬರಿಯ ಗಾಳಿ. ಮೂರನೆಯದು ವಾಲ್ವ್ ತೆರೆದೊಡನೆ ಒಳಗಿನ ಫೋಮ್ ಅರಳಿ ತಾನೇ ಗಾಳಿ ಎಳೆದುಕೊಳ್ಳುವಂಥದು. ಪರಿಚಯದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಚೀಲ, ತೇಪೆ ಸಮೇತ ತೂಗಿದಾಗ ಅವು ಕ್ರಮವಾಗಿ 410, 560 ಮತ್ತು 940 ಗ್ರಾಂ ಇದ್ದವು. ಮಲಗಿದ್ದೆಲ್ಲ ಕಾಡಿನಲ್ಲಾಗಲಿ ಸಾರ್ವಜನಿಕ ಕಡಲತೀರದಲ್ಲಾಗಲಿ ಅಲ್ಲ, ಕೇಳಿಕೊಂಡು ಅನುಮತಿ ಪಡೆದ ತೆಂಗು, ಅಡಿಕೆ, ಗಾಳಿಮರದ ತೋಟಗಳ ಅಂಚಿನಲ್ಲಿ.

ಪ್ಯಾಡ್ ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ಆರ್-ವ್ಯಾಲ್ಯೂ ಎಂಬ ಅಂಕಿ. ಮೈಯ ಶಾಖ ನೆಲಕ್ಕಿಳಿದು ಹೋಗುವುದನ್ನು ಪ್ಯಾಡ್ ಎಷ್ಟರ ಮಟ್ಟಿಗೆ ತಡೆಯುತ್ತದೆ ಎಂಬುದರ ಅಳತೆ ಅದು. ಒಂದೊಂದು ಕಂಪನಿ ಒಂದೊಂದು ರೀತಿಯಲ್ಲಿ ಅಳೆಯುತ್ತಿದ್ದ ಕಾರಣ, ಬಿಸಿ ಮತ್ತು ತಣ್ಣನೆಯ ಫಲಕಗಳ ನಡುವೆ ಪ್ಯಾಡನ್ನಿಟ್ಟು ಪರೀಕ್ಷಿಸುವ ಎಎಸ್‌ಟಿಎಂ ಎಫ್3340 ಎಂಬ ಏಕರೂಪದ ಮಾನದಂಡ 2018ರಲ್ಲಿ ಬಂತು. ನನ್ನ ಮೊದಲ ಪ್ಯಾಡಿನ ಅಂಕಿ 4.5, ಎರಡನೆಯದರದು 1.3, ಮೂರನೆಯದರದು 3ಕ್ಕಿಂತ ಸ್ವಲ್ಪ ಹೆಚ್ಚು. ಹಿಮದ ಮೇಲೆ ಮಲಗುವವರಿಗೆ ಈ ವ್ಯತ್ಯಾಸ ಜೀವದ ಪ್ರಶ್ನೆಯಾದೀತು. ಆದರೆ ರಾತ್ರಿ ಹನ್ನೊಂದಕ್ಕೂ ಬೆನ್ನು ಬೆವರುವ ನಮ್ಮ ಕರಾವಳಿಯಲ್ಲಿ 4.5ರ ಪ್ಯಾಡ್ ಎಂದರೆ ಕೈಯಾರೆ ದುಡ್ಡು ಕೊಟ್ಟು ಸೆಕೆ ಕೊಂಡಂತೆ. ಅಘನಾಶಿನಿ ಅಳಿವೆಯ ಹತ್ತಿರದ ತೋಟವೊಂದರಲ್ಲಿ ಅದರ ಮೇಲೆ ಮಲಗಿದ ರಾತ್ರಿ ನಾನು ಎರಡು ಬಾರಿ ಎದ್ದು ಅಂಗಿ ಬದಲಿಸಿದೆ. ಮಗ್ಗುಲಾದಾಗಲೆಲ್ಲ ಒಳಗಿನ ಹಾಳೆ ಚಿಪ್ಸ್ ಪೊಟ್ಟಣದಂತೆ ಸದ್ದು ಮಾಡುತ್ತಿದ್ದುದರಿಂದ ಪಕ್ಕದ ಡೇರೆಯ ಗೆಳೆಯನಿಗೂ ನಿದ್ದೆ ಬರಲಿಲ್ಲ. ಬರಿಯ ಗಾಳಿಯ ಎರಡನೆಯ, ಸಾದಾ ಪ್ಯಾಡಿನ ಮೇಲೆ ಹತ್ತಿಯ ಪಂಚೆಯನ್ನು ಎರಡು ಮಡಿಕೆ ಮಾಡಿ ಹಾಸಿಕೊಂಡರೆ ಚರ್ಮ ಅಂಟುವುದೂ ತಪ್ಪುತ್ತದೆ, ಬೆವರೂ ಹೀರಿಕೊಳ್ಳುತ್ತದೆ.

ಘಟ್ಟದ ಮೇಲೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯ ಸೀಮೆಯಲ್ಲಿ ಡಿಸೆಂಬರ್ ಕೊನೆಯ ಒಂದು ಬೆಳಗಿನ ಜಾವ ನನ್ನ ಥರ್ಮಾಮೀಟರ್ 14 ಡಿಗ್ರಿ ತೋರಿಸಿದಾಗ, 1.3ರ ಪ್ಯಾಡಿನಡಿಯಿಂದ ಸೊಂಟಕ್ಕೆ ಚಳಿ ಏರಿದ್ದು ನಿಜ. ಮರುದಿನ ಐದು ಮಿಲಿಮೀಟರಿನ ಫೋಮ್ ಹಾಳೆಯೊಂದನ್ನು ಅದರಡಿಗೆ ಹಾಕಿದೆ. ಒಂದರ ಮೇಲೊಂದು ಹಾಸಿದಾಗ ಆರ್-ವ್ಯಾಲ್ಯೂಗಳು ಕೂಡಿಕೊಳ್ಳುವುದರಿಂದ ಅಷ್ಟು ಚಳಿಗೆ ಅದೇ ಸಾಕಾಯಿತು.

ತೋಟವೊಂದರಲ್ಲಿ ಇನ್ನೊಂದು ಪೇಚಿಗೂ ಸಿಲುಕಿದ್ದೆ. ಸಂಜೆ ಡೋಲಿನಂತೆ ಬಿಗಿಯಾಗಿದ್ದ ನೈಲಾನಿನ ಪ್ಯಾಡ್ ನಡುರಾತ್ರಿಗೆ ಮೆತ್ತಗಾಯಿತು. ತೂತು ಬಿದ್ದಿತೆಂದೇ ನಂಬಿ ಬೆಳಿಗ್ಗೆ ತೋಟದ ಸಿಮೆಂಟ್ ತೊಟ್ಟಿಯಲ್ಲಿ ಇಂಚಿಂಚಾಗಿ ಮುಳುಗಿಸಿ ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಬಾಯಿಯಿಂದ ಊದಿದ ಗಾಳಿ ಮೈಯಷ್ಟೇ ಬೆಚ್ಚಗಿರುತ್ತದೆ, ರಾತ್ರಿ ಅದು ತಣಿದು ಕುಗ್ಗುತ್ತದೆ. ಮೇಲಾಗಿ ನೈಲಾನ್ ತೇವ ಹೀರಿ ತುಸು ಹಿಗ್ಗುತ್ತದೆ. ಹೀಗಾಗಿ ಊದಿದ ಮೇಲೆ ಅರ್ಧ ಗಂಟೆ ಬಿಟ್ಟು, ಮಲಗುವ ಮುನ್ನ ಮತ್ತೆರಡು ಉಸಿರು ತುಂಬುವುದು ಈಗ ನನ್ನ ರೂಢಿ. ಬಾಯಿಯಿಂದ ಊದದೆ ಪಂಪ್ ಸ್ಯಾಕ್ ಎಂಬ ಗಾಳಿ ತುಂಬುವ ಚೀಲ ಬಳಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಉಸಿರಿನ ತೇವ ಒಳಗೇ ಉಳಿದು ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ನಿಜವಾದ ತೂತು ಬಿದ್ದದ್ದು ಕಾರವಾರದ ಕಡೆ. ಅಲ್ಲಿ ಕಡಲಂಚಿನ ಗಾಳಿಮರದ ತೋಪುಗಳಲ್ಲಿ ನೆಲದ ತುಂಬ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಒಣಕಾಯಿಗಳು ಬಿದ್ದಿರುತ್ತವೆ. ಪ್ರತಿ ಕಾಯಿಯ ಮೈಮೇಲೂ ಬಾಯ್ತೆರೆದ ಚೂಪು ತುಟಿಗಳ ಸಾಲು. (ಗಾಳಿ ಹಾಸಿಗೆಗೆ ಗಾಳಿಮರವೇ ಶತ್ರುವಾದೀತೆಂದು ಯಾರು ಎಣಿಸಿದ್ದರು!) ಡೇರೆಯ ತಳದ ಬಟ್ಟೆಯನ್ನೂ ದಾಟಿ ಅಂಥ ಕಾಯಿಯೊಂದು ಮೊದಲ ಪ್ಯಾಡಿಗೆ ಸೂಜಿಮೊನೆಯಷ್ಟು ರಂಧ್ರ ಕೊರೆದಿತ್ತು. ಸೋಪಿನ ನೀರು ಸವರಿ, ಗುಳ್ಳೆ ಎದ್ದಲ್ಲಿ ಪೆನ್ನಿನಿಂದ ಸುತ್ತು ಹಾಕಿ, ಒಣಗಿಸಿ, ಸ್ಪಿರಿಟ್‌ನಿಂದ ಒರೆಸಿ ತೇಪೆ ಅಂಟಿಸಿದ್ದಾಯಿತು. ಆದರೆ ಆ ರಾತ್ರಿಯನ್ನು ಬರಿನೆಲದ ಮೇಲೆಯೇ ಕಳೆಯಬೇಕಾಯಿತು. ಮುಂದಿನ ತಿಂಗಳು ಅದೇ ತೋಪಿನಲ್ಲಿ, ಕಾಯಿಗಳನ್ನು ಗುಡಿಸದೆಯೇ, ಸಾದಾ ಪ್ಯಾಡನ್ನು ಎರಡು ರಾತ್ರಿ ಹಾಸಿದೆ, ಏನೂ ಆಗಲಿಲ್ಲ. ಎರಡೇ ರಾತ್ರಿಗಳಿಂದ ತೀರ್ಪು ಕೊಡುವುದು ಆತುರವೆಂದು ಬಲ್ಲೆ. ಆದರೂ ಚಿರೆಕಲ್ಲಿನ ಚೂರು, ಕೇದಗೆಯ ಮುಳ್ಳು ತುಂಬಿದ ಈ ದಂಡೆಯಲ್ಲಿ 150 ಗ್ರಾಂ ಉಳಿಸುವ ಸಲುವಾಗಿ ತೆಳು ಬಟ್ಟೆಯನ್ನು ನಾನಂತೂ ಇನ್ನು ಒಯ್ಯಲಾರೆ.

ತಾನೇ ಉಬ್ಬುವ ಮೂರನೆಯ ಪ್ಯಾಡ್ ಮಲಗಲು ಎಲ್ಲಕ್ಕಿಂತ ಹಿತ. ತೂತು ಬಿದ್ದರೂ ಫೋಮ್ ಬೆನ್ನಿಗೆ ಸಿಗುತ್ತದೆ. ಆದರೆ ಸುರುಳಿ ಸುತ್ತಿದರೂ ಬೆನ್ನುಚೀಲದ ಮೂರನೇ ಒಂದು ಭಾಗವನ್ನು ಅದೇ ನುಂಗುತ್ತದೆ, ಹಾಗಾಗಿ ಕಾರಿನಲ್ಲಿ ಹೋದಾಗ ಮಾತ್ರ ಅದು ಜೊತೆಗಿರುತ್ತದೆ. ಸುತ್ತಿಯೇ ಇಟ್ಟರೆ ಫೋಮ್ ಅರಳುವ ಶಕ್ತಿ ಕಳೆದುಕೊಳ್ಳುವುದರಿಂದ ಮಳೆಗಾಲವಿಡೀ ವಾಲ್ವ್ ತೆರೆದು ಕಪಾಟಿನ ಮೇಲೆ ಬಿಡಿಸಿಡುತ್ತೇನೆ.

ಸದ್ಯ ನನ್ನ ಚೀಲದಲ್ಲಿರುವುದು 560 ಗ್ರಾಮಿನ ಪ್ಯಾಡ್, ಫೋಮ್ ಹಾಳೆ, ಪಂಚೆ, ನಾಲ್ಕು ತೇಪೆ, ಮತ್ತು ವಾಲ್ವಿನ ಸುತ್ತ ಕೂರುವ ಮರಳನ್ನು ಮುಚ್ಚಳ ತೆರೆಯುವ ಮುನ್ನ ಉಜ್ಜಿ ತೆಗೆಯಲು ಒಂದು ಹಳೆಯ ಹಲ್ಲುಜ್ಜುವ ಬ್ರಷ್.